ಕೆಲಸದ ಹಾದಿಯ ನಕ್ಷೆ: ಕಾಣದ ನಷ್ಟಕ್ಕೆ ಕನ್ನಡಿ

ಲಾಭ ಕುಗ್ಗಿದಾಗ ಉದ್ಯಮಿಗಳು ಸಾಮಾನ್ಯವಾಗಿ ಕಚ್ಚಾಮಾಲಿನ ಬೆಲೆ, ಕೂಲಿ ಮತ್ತು ಬಡ್ಡಿಯತ್ತ ದೃಷ್ಟಿ ಹರಿಸುತ್ತಾರೆ. ಒಂದು ಹಂತ ಮುಗಿದು ಮುಂದಿನದು ಆರಂಭವಾಗುವವರೆಗೆ ಮಾಲು ಸುಮ್ಮನೆ ಬಿದ್ದಿರುವ ಕಾಲವು ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅದನ್ನು ಕಣ್ಣಿಗೆ ತೋರಿಸುವ ಸರಳ ಸಾಧನವೇ ಪ್ರಕ್ರಿಯಾ ನಕ್ಷೆ.

ಈ ವಿಧಾನ ಹೊಸದಲ್ಲ. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು 1921ರಲ್ಲಿಯೇ ಇದನ್ನು ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿರಿಸಿದರು. 1947ರಲ್ಲಿ ಆ ಸಂಘವು ಐದು ಚಿಹ್ನೆಗಳನ್ನು ನಿಗದಿಪಡಿಸಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ಕಾಯುವಿಕೆಗೆ ಇಂಗ್ಲಿಷಿನ ‘ಡಿ’ ಅಕ್ಷರ, ದಾಸ್ತಾನಿಗೆ ತ್ರಿಕೋನ. ಟೊಯೋಟಾದ ತಾಯಿಚಿ ಓನೊ ಗುರುತಿಸಿದ ಏಳು ಬಗೆಯ ಅಪವ್ಯಯಗಳಲ್ಲಿ ಕಾಯುವಿಕೆಯೂ ಒಂದು.

ಉದಾಹರಣೆಗೆ, ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಆರ್ಡರ್ ಪೂರೈಸಲು 10 ದಿನ ಹಿಡಿಯುತ್ತದೆ, ಲೇತ್, ಡ್ರಿಲ್ಲಿಂಗ್ ಹಾಗೂ ತಪಾಸಣೆ ಸೇರಿ ನಿಜವಾದ ಕೆಲಸ 6 ಗಂಟೆಯದು ಎಂದು ಭಾವಿಸಬಹುದು. ಉಳಿದ ಅವಧಿಯೆಲ್ಲ ಡ್ರಾಯಿಂಗ್‌ಗೆ ಒಪ್ಪಿಗೆ, ಯಂತ್ರದ ಸರದಿ, ಮಾಲೀಕರ ಸಹಿ, ಬಿಲ್ ಇವುಗಳಿಗಾಗಿ ಕಾಯುವುದರಲ್ಲಿಯೇ ಕಳೆಯುತ್ತದೆ. ಇಂತಹ ಕಡೆ ಸಾಲ ಮಾಡಿ ಇಮ್ಮಡಿ ವೇಗದ ಯಂತ್ರಗಳನ್ನು ತಂದರೂ ಉಳಿತಾಯ ಹೆಚ್ಚೆಂದರೆ 3 ಗಂಟೆ. ಕಾರ್ಮಿಕರನ್ನು ಗದರಿಸಿದರೂ ಫಲ ಅಷ್ಟೇ. ಒಪ್ಪಿಗೆಯ ಅಧಿಕಾರವನ್ನು ಮೇಲ್ವಿಚಾರಕರಿಗೆ ವಹಿಸಿದರೆ ದಿನಗಳೇ ಉಳಿಯಬಹುದು.

ನಕ್ಷೆಯನ್ನು ಕಚೇರಿಯಲ್ಲಿ ಕುಳಿತು ಬರೆದರೆ ಪ್ರಯೋಜನವಿಲ್ಲ. ಆಗ ಕೆಲಸ ನಡೆಯಬೇಕಾದ ರೀತಿ ಮಾತ್ರ ಹಾಳೆಗೆ ಇಳಿಯುತ್ತದೆ, ನಡೆಯುತ್ತಿರುವ ರೀತಿಯಲ್ಲ. ಒಂದೇ ಆರ್ಡರನ್ನು ಆಯ್ದುಕೊಂಡು, ಮಾಲಿನ ಹಿಂದೆಯೇ ನಡೆದು, ಪ್ರತಿ ಹಂತದ ಸಮಯ ಮತ್ತು ದೂರವನ್ನು ಕೆಲಸಗಾರರ ಸಮ್ಮುಖದಲ್ಲಿ ಗುರುತಿಸಬೇಕು. ಬಳಿಕ ಪ್ರತಿ ಹಂತಕ್ಕೂ ನಾಲ್ಕು ಪ್ರಶ್ನೆಗಳು: ಇದನ್ನು ಕೈಬಿಡಬಹುದೇ? ಇನ್ನೊಂದರೊಡನೆ ಸೇರಿಸಬಹುದೇ? ಕ್ರಮ ಬದಲಿಸಬಹುದೇ? ಸರಳಗೊಳಿಸಬಹುದೇ?

ವರ್ತಕರಿಗೂ ಇದು ಅನ್ವಯಿಸುತ್ತದೆ. ಮಾಲು ತಲುಪಿ ಮೂರು ದಿನಗಳ ನಂತರ ಬಿಲ್ ಹೋದರೆ, ಹಣ ಬರುವುದೂ ಅಷ್ಟೇ ತಡ. ಆ ಮೂರು ದಿನಗಳ ಬಡ್ಡಿ ವರ್ತಕರದೇ.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎಂ.ಎಸ್.ಎಂ.ಇ. ಲೀನ್ ಯೋಜನೆಯಲ್ಲಿ ಸಲಹಾ ವೆಚ್ಚದ ಶೇ. 90ರಷ್ಟನ್ನು ಭರಿಸಲು ಅವಕಾಶ ಕಲ್ಪಿಸಲಾಯಿತು. ಆದರೆ ಮೊದಲ ನಕ್ಷೆಗೆ ಸಲಹೆಗಾರರೂ ಬೇಕಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಗಡಿಯಾರ, ಮತ್ತು ಕಂಡದ್ದನ್ನು ಕಂಡಂತೆ ಬರೆಯುವ ಮನಸ್ಸು ಸಾಕು.