ಮಾಂತ್ರಿಕರ ಮನೆಯ ಮಕ್ಕಳ ಕಥೆಗಳು

ಮಂತ್ರದಂಡವೊಂದು ಕೈಗೆ ಸಿಕ್ಕಿದರೆ ಮನುಷ್ಯನ ಕಷ್ಟಗಳೆಲ್ಲ ತೀರಿಹೋಗುವುವೆಂದು ನಾವು ಭಾವಿಸುವುದುಂಟು. ಹಾಗಾದರೆ ಮಂತ್ರದಂಡವುಳ್ಳವರು ತಮ್ಮ ಮಕ್ಕಳಿಗೆ ಎಂತಹ ಕಥೆಗಳನ್ನು ಹೇಳಿಯಾರು? ಇದಕ್ಕೆ ಉತ್ತರ ಕೊಡುವ ಪುಟ್ಟ ಪುಸ್ತಕವೇ ‘ದಿ ಟೇಲ್ಸ್ ಆಫ್ ಬೀಡಲ್ ದಿ ಬಾರ್ಡ್’.

ಹ್ಯಾರಿ ಪಾಟರ್ ಕಾದಂಬರಿಗಳ ಕರ್ತೃ ಜೆ. ಕೆ. ರೌಲಿಂಗ್ ಅವರು ಮೊದಲಿಗೆ ಈ ಪುಸ್ತಕವನ್ನು ಸ್ವಹಸ್ತದಿಂದ ಬರೆದು, ಚಿತ್ರಗಳನ್ನೂ ಬಿಡಿಸಿ, ಏಳೇ ಪ್ರತಿಗಳನ್ನು ಸಿದ್ಧಪಡಿಸಿದರು. ೨೦೦೭ರಲ್ಲಿ ಅವುಗಳಲ್ಲೊಂದು ಲಂಡನ್ನಿನ ಹರಾಜಿನಲ್ಲಿ ೧೯ ಲಕ್ಷ ಪೌಂಡುಗಳಿಗೂ ಮಿಕ್ಕಿ ಮಾರಾಟವಾಗಿ, ಆ ಹಣ ಮಕ್ಕಳ ಸೇವೆಗೆ ಸಂದಿತು. ೨೦೦೮ರಲ್ಲಿ ಅದು ಅಚ್ಚಾಗಿ ಎಲ್ಲರಿಗೂ ದೊರೆಯಿತು.

ಇದರಲ್ಲಿರುವವು ಐದು ಕಥೆಗಳು. ಒಂದರಲ್ಲಿ, ಪರೋಪಕಾರಿಯಾದ ತಂದೆ ತೀರಿಕೊಂಡ ಮೇಲೆ ಮಗನು ನೆರೆಯವರಿಗೆ ಬಾಗಿಲು ಮುಚ್ಚುತ್ತಾನೆ. ಒಡನೆಯೇ ತಂದೆಯ ಪಾತ್ರೆಗೆ ಹಿತ್ತಾಳೆಯ ಒಂಟಿ ಕಾಲು ಮೂಡುತ್ತದೆ! ಅವನು ನಿರಾಕರಿಸಿದವರ ನರುಲಿಗಳನ್ನು ಮೈಗೆ ತಳೆದು, ಅವರ ಅಳುವನ್ನು ತಾನೇ ಅಳುತ್ತ, ಅದು ಅವನ ಹಿಂದೆಯೇ ಕುಪ್ಪಳಿಸುತ್ತದೆ. ಅವನು ನೆರೆಯವರಿಗೆ ನೆರವಾದ ಮೇಲೆಯೇ ಅದಕ್ಕೆ ಶಾಂತಿ.

ಇನ್ನೊಂದರಲ್ಲಿ, ನೊಂದ ಮೂವರು ಮಾಂತ್ರಿಕ ಸ್ತ್ರೀಯರೂ ಒಬ್ಬ ನತದೃಷ್ಟ ಯೋಧನೂ ಭಾಗ್ಯದ ಕಾರಂಜಿಯನ್ನರಸಿ ಬೆಟ್ಟವೇರುತ್ತಾರೆ. ದಾರಿಯಲ್ಲಿ ಅವರು ಕಣ್ಣೀರನ್ನೂ, ಬೆವರನ್ನೂ, ಹಳೆಯ ನೆನಪುಗಳನ್ನೂ ತೆರಬೇಕಾಗುತ್ತದೆ. ಕೊನೆಗೆ ನಾಲ್ವರೂ ಸುಖಿಗಳಾಗುತ್ತಾರೆ. ಆದರೆ ಆ ನೀರಿನಲ್ಲಿ ಮಂತ್ರವೇ ಇರಲಿಲ್ಲ! ಅವರಿಗೆ ಫಲ ಕೊಟ್ಟುದು ಪರಸ್ಪರ ನೆರವು ಮತ್ತು ನಡೆದ ದಾರಿ.

ಕೊನೆಯದು ಮೂವರು ಸೋದರರ ಕಥೆ. ಮೃತ್ಯುವಿನಿಂದ ಹಿರಿಯನು ಅಜೇಯ ದಂಡವನ್ನೂ, ನಡುವಣವನು ಸತ್ತವರನ್ನು ಕರೆತರುವ ಕಲ್ಲನ್ನೂ ಬೇಡಿ ಬೇಗನೆ ಅಳಿಯುತ್ತಾರೆ. ಕಿರಿಯನು ಮರೆಮಾಚುವ ಹೊದಿಕೆಯನ್ನು ಪಡೆದು, ತುಂಬು ಬಾಳು ಬಾಳಿ, ಅದನ್ನು ಮಗನಿಗೆ ಕೊಟ್ಟು, ಮೃತ್ಯುವನ್ನು ಹಳೆಯ ಗೆಳೆಯನಂತೆ ಎದುರುಗೊಳ್ಳುತ್ತಾನೆ.

ಕಾದಂಬರಿಮಾಲೆಯ ಏಳನೆಯ ಸಂಪುಟದ ಗುಟ್ಟು ಅಡಗಿರುವುದು ಈ ಕಥೆಯಲ್ಲಿಯೇ. ಡಂಬಲ್‌ಡೋರ್ ಗುರುಗಳು ಬೀಡಲ್ಲನ ಪುಸ್ತಕವನ್ನು ಶಿಷ್ಯೆ ಹರ್ಮಯೊನಿಗೆ ಬಿಟ್ಟುಹೋಗುತ್ತಾರೆ. ಶಾಲೆಯ ಗ್ರಂಥಾಲಯವನ್ನೆಲ್ಲ ಓದಿದಂತಿದ್ದ ಆಕೆ ಈ ಕಥೆಗಳನ್ನು ಕೇಳಿಯೇ ಇರಲಿಲ್ಲ. ಏಕೆಂದರೆ ಅವಳು ಬೆಳೆದುದು ಮಾಂತ್ರಿಕರಿಂದ ದೂರದಲ್ಲಿ. ಗೆಳೆಯ ರಾನ್ ಓದಿನಲ್ಲಿ ಅವಳಿಗೆ ಸಮನಲ್ಲ. ಆದರೂ ಮೂವರು ಸೋದರರ ಕಥೆಯನ್ನು ಅವನು ತಾಯಿಯ ಬಾಯಿಂದಲೇ ಕೇಳಿದ್ದನು.

ಎಳೆಯ ಮಿತ್ರರೇ, ತವರುನಾಡಿನಿಂದ ದೂರದ ಈ ನಗರದಲ್ಲಿ ಬೆಳೆಯುವ ನಾವೂ ಒಂದು ಬಗೆಯಲ್ಲಿ ಹರ್ಮಯೊನಿಯರೇ. ಆದುದರಿಂದ ಈ ಐದು ಕಥೆಗಳನ್ನು ಮೊದಲು ನಕ್ಕು ಓದಿರಿ, ಬಳಿಕ ನಿಧಾನವಾಗಿ ಮತ್ತೊಮ್ಮೆ ಓದಿರಿ. ಅನಂತರ ಮನೆಯ ಹಿರಿಯರ ಬಳಿ ಕುಳಿತು, ಅವರು ಊರಿನಲ್ಲಿ ಕೇಳಿದ ಒಂದು ಕಥೆಯನ್ನು ಹೇಳಿಸಿಕೊಳ್ಳಿರಿ.