ದನಕ್ಕೆ ಮಾತು ತಿಳಿಯುವುದೆ?

ಕೋಲೆ ಬಸವನನ್ನು ನಮ್ಮ ಸೀಮೆಯಲ್ಲಿ ಅರಿಯದವರುಂಟೆ? "ಈ ಮನೆಯ ಮಗಳಿಗೆ ಈ ವರ್ಷ ಕಂಕಣ ಕೂಡಿಬರುವುದೇನಪ್ಪಾ?" ಎಂದು ಒಡೆಯ ಕೇಳಿದರೆ ಬಸವ ಹೌದೆಂದು ತಲೆಯಾಡಿಸುತ್ತದೆ. ಮನೆಯವರು ಸಂತೋಷದಿಂದ ಮೊರದಲ್ಲಿ ರಾಗಿ ತಂದು ಸುರಿಯುತ್ತಾರೆ. ಬಸವನಿಗೆ ತಿಳಿದದ್ದು ಆ ಮಾತೋ, ಒಡೆಯನ ಸನ್ನೆಯೋ? ಇದು ಜಗಲಿಯ ಹರಟೆಯ ಪ್ರಶ್ನೆಯಲ್ಲ. ದನಕ್ಕೆ ಏನು ತಿಳಿಯುತ್ತದೆ, ಏನು ತಿಳಿಯದು ಎಂಬುದನ್ನು ನಾವು ಅರಿಯದೆ ಹೋದರೆ, ತಪ್ಪಿಲ್ಲದ ಎತ್ತಿನ ಬೆನ್ನಿಗೆ ಬಾರುಕೋಲು ಬೀಳುತ್ತದೆ.

ಇಂಥದೇ ಪ್ರಶ್ನೆ ಜರ್ಮನಿಯ ಬರ್ಲಿನ್ ನಗರದಲ್ಲಿ ಒಮ್ಮೆ ಎದ್ದಿತ್ತು. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಉಪಾಧ್ಯಾಯರ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲ ತಟ್ಟಿ ಸರಿಯುತ್ತರ ಹೇಳುತ್ತಿತ್ತು. 1904ರಲ್ಲಿ ಪಂಡಿತರ ಮಂಡಲಿಯೊಂದು ಪರೀಕ್ಷಿಸಿ, ಮೋಸವೇನೂ ಕಾಣದೆಂದಿತು. ಬಳಿಕ ಆಸ್ಕರ್ ಫುಂಗ್ಸ್ಟ್ ಎಂಬ ಶೋಧಕ ಪಟ್ಟುಬಿಡದೆ ನೋಡಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದಾಗ, ಅಥವಾ ಅವನು ಕುದುರೆಯ ಕಣ್ಣಿಗೆ ಬೀಳದಿದ್ದಾಗ, ಹಾನ್ಸ್ ತಪ್ಪತೊಡಗಿತು! ತಟ್ಟುವ ಎಣಿಕೆ ಸರಿಯಾದ ಅಂಕಿಗೆ ಬಂದೊಡನೆ, ಕೇಳಿದವನ ತಲೆ ಅವನಿಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಲೆಕ್ಕ ಬಾರದಿದ್ದರೂ ಮನುಷ್ಯನ ಮೈಯನ್ನು ಓದುವುದರಲ್ಲಿ ಅದು ಪಂಡಿತರನ್ನೇ ಮೀರಿಸಿತ್ತು.

ಹಾಗಾದರೆ ಪ್ರಾಣಿಗಳಿಗೆ ಮಾತೇ ತಿಳಿಯದೆ? ತಿಳಿಯುತ್ತದೆ. ಅಮೆರಿಕದಲ್ಲಿ ಜಾನ್ ಪಿಲ್ಲಿ ಎಂಬ ಪ್ರಾಧ್ಯಾಪಕರು ಚೇಸರ್ ಎಂಬ ಕುರಿಕಾಯುವ ಜಾತಿಯ ನಾಯಿಗೆ ಮೂರು ವರ್ಷ ಪಾಠ ಹೇಳಿದರು. ಅದು 1,022 ಆಟಿಕೆಗಳ ಹೆಸರು ಕಲಿತ ಸಂಗತಿ 2011ರಲ್ಲಿ ಪ್ರಕಟವಾಯಿತು. ಹಾನ್ಸನ ಕಥೆ ತಿಳಿದಿದ್ದ ಅವರು, ಆಟಿಕೆಗಳನ್ನು ಹೇಳುವವನ ಕಣ್ಣಿಗೆ ಕಾಣದಂತೆ ಮರೆಯಲ್ಲಿಟ್ಟೇ ಪರೀಕ್ಷಿಸಿದರು.

ಕಾಡಿನ ಮೃಗಗಳಲ್ಲಿಯೂ ಒಂದು ಬಗೆಯ ನುಡಿಯುಂಟು. ಆಫ್ರಿಕದ ಕೆನ್ಯಾದೇಶದ ಅಂಬೊಸೆಲಿಯಲ್ಲಿ ವರ್ವೆಟ್ ಎಂಬ ಕೋತಿಗಳಿವೆ. ಚಿರತೆಗೆ ಒಂದು ಕೂಗು, ಹದ್ದಿಗೆ ಒಂದು, ಹಾವಿಗೆ ಮತ್ತೊಂದು. ಈ ಕೂಗುಗಳನ್ನು ಯಂತ್ರದಲ್ಲಿ ಹಿಡಿದು, ಶತ್ರುವಿಲ್ಲದಾಗ ಕೇಳಿಸಿ ನೋಡಿದರು. ಚಿರತೆಯ ಕೂಗಿಗೆ ಕೋತಿಗಳು ಮರ ಹತ್ತಿದವು. ಹದ್ದಿನ ಕೂಗಿಗೆ ಆಕಾಶ ನೋಡಿದವು. ಹಾವಿನ ಕೂಗಿಗೆ ನೆಲ ನೋಡಿದವು. ಈ ಶೋಧ 1980ರಲ್ಲಿ ಹೊರಬಂದಿತು.

ಜೇನಿನ ವಿಷಯ ಇನ್ನೂ ಸೋಜಿಗದ್ದು. ಮೇವು ಕಂಡುಬಂದ ಜೇನುಹುಳು ಗೂಡಿನ ಎರಿಯ ಮೇಲೆ ಮೈಯಲುಗಿಸಿ ಕುಣಿಯುತ್ತದೆ. ಕುಣಿತದ ಓರೆ ಹೊತ್ತಿನ ದಿಕ್ಕಿನಿಂದ ಮೇವು ಎತ್ತ ಇದೆಯೆಂದು ತಿಳಿಸಿದರೆ, ಅಲುಗಾಟದ ಹೊತ್ತು ಅದರ ದೂರವನ್ನು ತಿಳಿಸುತ್ತದೆ. ಇದನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವರೇ ಒಮ್ಮೆ ಎತ್ತರದ ರೇಡಿಯೊ ಗೋಪುರದ ಬುಡದಲ್ಲಿ ಗೂಡಿಟ್ಟು, ತುದಿಯಲ್ಲಿ ಸಕ್ಕರೆ ನೀರಿಟ್ಟರು. ಕಂಡು ಬಂದ ಹುಳುಗಳು ಕುಣಿದವು. ಆದರೆ ಕುಣಿತ ನೋಡಿ ಹೊರಟವು ಸುತ್ತಲಿನ ಹುಲ್ಲುಗಾವಲಲ್ಲಿ ಹುಡುಕಿದವೇ ಹೊರತು ಗೋಪುರದ ತುದಿಗೆ ಹೋಗಲಿಲ್ಲ. ಜೇನಿನ ನುಡಿಯಲ್ಲಿ "ಮೇಲೆ" ಎಂಬ ಮಾತಿಲ್ಲ! ಬೇಕೆಂದಾಗ ಹೊಸದನ್ನು ಕಟ್ಟಿಕೊಳ್ಳಲೂ ಅದಕ್ಕೆ ಬಾರದು.

ಭೇದವಿರುವುದು ಇಲ್ಲಿಯೇ. ನಿಮ್ ಎಂಬ ಚಿಂಪಾಂಜಿಗೆ ಅಮೆರಿಕದಲ್ಲಿ ಕೈಸನ್ನೆಯ ಭಾಷೆ ಕಲಿಸಿದರು. ಅದು ನೂರಕ್ಕೂ ಮಿಕ್ಕಿ ಸನ್ನೆಗಳನ್ನು ಕಲಿಯಿತು. ಆದರೆ 1979ರಲ್ಲಿ ಹರ್ಬರ್ಟ್ ಟೆರೆಸ್ ಪ್ರಕಟಿಸಿದಂತೆ, ಅದರ ಉದ್ದನೆಯ ಮಾತೆಲ್ಲ ಬೇಡಿದ್ದನ್ನೇ ಮರಳಿ ಮರಳಿ ಬೇಡುವುದಾಗಿತ್ತು. ನಮ್ಮ ಮನೆಯ ನಾಲ್ಕು ವರ್ಷದ ಕೂಸಾದರೋ, "ನಿನ್ನೆ ಕೆರೆ ಏರಿಯಲ್ಲಿ ಕಂಡ ಹಾವು ಇವತ್ತೂ ಬಂದರೆ ನಾನು ಹೋಗಲ್ಲ" ಎನ್ನುತ್ತದೆ. ಕೋತಿಯ ಕೂಗು "ಹಾವು!" ಎನ್ನಬಲ್ಲುದು, ನಿನ್ನೆಯ ಹಾವನ್ನೂ ಇಂದಿನ "ಬಂದರೆ"ಯನ್ನೂ ಒಂದೇ ಮಾತಿನೊಳಗೆ ಹೆಣೆಯಲಾರದು. 2002ರಲ್ಲಿ ಹೌಸರ್, ಚಾಮ್‌ಸ್ಕಿ, ಫಿಚ್ ಎಂಬ ಮೂವರು ಪಂಡಿತರು, ಕಿವಿ, ನೆನಪು, ತಿಳಿವಳಿಕೆಗಳಲ್ಲಿ ಬಹುಪಾಲು ಪ್ರಾಣಿಗಳಿಗೂ ಉಂಟು, ಮಾತಿನೊಳಗೆ ಮಾತು ಹೆಣೆಯುವ ಶಕ್ತಿ ಮಾತ್ರ ಬಹುಶಃ ಮನುಷ್ಯನದೇ ಎಂದರು. ಒಪ್ಪದವರೂ ಇದ್ದಾರೆ, ವಾದ ಮುಗಿದಿಲ್ಲ. ಕಂಬ, ತೊಲೆ, ಹೆಂಚು ಎಷ್ಟೋ ಪ್ರಾಣಿಗಳ ಹಿತ್ತಿಲಲ್ಲಿ ಬಿದ್ದಿವೆ, ಮನೆ ಕಟ್ಟಿದವನು ಮನುಷ್ಯ ಎನ್ನಬಹುದು.

ಇದರಿಂದ ರೈತ ಬಾಂಧವರು ತಿಳಿಯಬೇಕಾದುದೇನು? ಒಂದು ಕೆಲಸಕ್ಕೆ ಒಂದೇ ಕೂಗನ್ನು ಇಟ್ಟುಕೊಳ್ಳಿ. ಅಪ್ಪನದೊಂದು, ಮಗನದೊಂದು ಆಗಬಾರದು. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮಾರುವವನ ಮಾತಿಗೆ ಅದು ನಡೆಯಿತೆಂದು ಮರುಳಾಗದೆ, ಅವನನ್ನು ದೂರ ನಿಲ್ಲಿಸಿ, ನೀವೇ ಹೂಡಿ ನಡೆಸಿ ನೋಡಿ. ಎತ್ತು ಮಾತು ಕೇಳದಿದ್ದರೆ ಮೊದಲು ಹೆಗಲಿನಲ್ಲಿ ಹುಣ್ಣಿದೆಯೇ, ಕೂಗು ಹೊಸದೇ, ಹೊಡೆಯುವ ಆಳು ಹೊಸಬನೇ ನೋಡಿ. ಅದಕ್ಕೆ ನಿಮ್ಮ ಬೈಗುಳದ ಅರ್ಥ ತಿಳಿಯದು; ಆದರೆ ನಿಮ್ಮ ದನಿ, ಕೈ, ನಡಿಗೆಯನ್ನೆಲ್ಲ ಅದು ದಿನವೂ ಓದುತ್ತಿದೆ. "ಹೆಗಲು ನೋಯುತ್ತಿದೆ" ಎಂದು ಬಾಯಿಬಿಟ್ಟು ಹೇಳಲಾರದ ಜೀವದ ಮೈಯನ್ನು ಓದುವ ಕೆಲಸ ಮಾತು ಬಲ್ಲ ನಮ್ಮದು.