ಕಾರಿನಲ್ಲಿ ಸೀದ ವಾಸನೆಯೇ? ಮೊದಲು ನಿಲ್ಲಿಸಿ, ಬಗ್ಗಿ ನೋಡಿ

ರಾಗಿ, ಹುರುಳಿ ಕೊಯ್ಲು ಮುಗಿಯುವ ಡಿಸೆಂಬರ್–ಜನವರಿಯಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ, ರಾಯಲ್ಪಾಡು ಕಡೆ ಕಾರಿನಲ್ಲಿ ಹೊರಟರೆ ಅಲ್ಲಲ್ಲಿ ಡಾಂಬರು ರಸ್ತೆಯೇ ಕಣವಾಗಿರುತ್ತದೆ. ಬಸ್ಸು, ಟೆಂಪೊ, ಕಾರು ಹಾಯ್ದಷ್ಟೂ ಕಾಳು ಉದುರುತ್ತದೆ, ರೈತನಿಗೆ ಒಕ್ಕಣೆ ಸಲೀಸು. ಅದನ್ನು ದಾಟಿ ಎರಡು ಮೂರು ಕಿಲೊಮೀಟರ್ ಹೋಗುವಷ್ಟರಲ್ಲಿ ಹಿಂದಿನ ಸೀಟಿನ ಅಜ್ಜಿ, ‘ಏನೋ ಸೀದ ವಾಸ್ನೆ ಬರ್ತಾ ಐತಲ್ಲೋ, ಒಸಿ ನಿಲ್ಸು’ ಅಂದರೆ, ‘ಹೊರಗೆ ಯಾರೋ ಕಸ ಸುಡ್ತಿರ್ಬೇಕು ಬಿಡಜ್ಜಿ’ ಎಂದು ತಳ್ಳಿಹಾಕಬೇಡಿ. ನಿಲ್ಲಿಸಿ.

ಯಾಕೆಂದರೆ ಈಗಿನ ಪೆಟ್ರೋಲ್ ಕಾರುಗಳ ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ವಿಷಾನಿಲ ಕಡಿಮೆ ಮಾಡುವುದು ಅದರ ಕೆಲಸ. ಓಡುವಾಗ ಅದರ ಒಳಗಿನ ಬಿಸಿ 400ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಣಹುಲ್ಲು ಹೊತ್ತಿಕೊಳ್ಳಲು ಅಷ್ಟು ಬಿಸಿ ಬೇಕಿಲ್ಲ. ಹುರುಳಿ ಗಿಡವಂತೂ ಬಳ್ಳಿಯ ಹಾಗೆ ಹೆಣೆದುಕೊಳ್ಳುವಂಥದ್ದು. ಚಕ್ರದ ಶಾಫ್ಟಿಗೆ ಸುತ್ತಿಕೊಂಡು, ಕೊಳವೆಗೆ ಅಂಟಿ, ನಿಧಾನವಾಗಿ ಕರಕಲಾಗಿ, ಆಮೇಲೆ ಉರಿಯುತ್ತದೆ. ಒಕ್ಕಣೆ ದಾಟಿ ಬಂದ ಕಾರುಗಳು ಹೀಗೆ ಹೊತ್ತಿ ಉರಿದ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿದೆ.

ಒಕ್ಕಣೆ ಕಂಡರೆ ಪಕ್ಕದಲ್ಲಿ ಜಾಗವಿದೆಯೇ ನೋಡಿ. ಇಲ್ಲವಾದರೆ ಇಳಿದು, ‘ಅಣ್ಣಾ, ಒಂದ್ ಚೂರು ಸರಿಸ್ತೀರಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ದಾಟಲೇಬೇಕಾದರೆ ದಾಟಿದ ತಕ್ಷಣ ಹುಲ್ಲಿಲ್ಲದ ಬಯಲು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ. ಹುಲ್ಲು ಸಿಕ್ಕಿಕೊಂಡಿದ್ದು ಹೊಗೆ ಇಲ್ಲದಿದ್ದರೆ, ತಣ್ಣಗಾದ ಮೇಲೆ ಕೋಲಿನಿಂದ ಎಳೆದು ತೆಗೆಯಿರಿ. ಬರಿಗೈ ಹಾಕಬೇಡಿ. ಕಾರಿನಡಿ ತೂರಬೇಡಿ. ಬಿಸಿ ಕಾರನ್ನು ಒಣಹುಲ್ಲಿನ ಮೇಲಾಗಲೀ, ಮಾವಿನ ತೋಪಿನ ತರಗೆಲೆಯ ಮೇಲಾಗಲೀ ನಿಲ್ಲಿಸುವುದೂ ಅಷ್ಟೇ ಅಪಾಯ.

ವಾಸನೆಯೇ ಜಾಡು ಹೇಳುತ್ತೆ

ಹುಲ್ಲು ಸಿಕ್ಕಿಲ್ಲ, ಆದರೂ ವಾಸನೆ ಬರ್ತಿದೆ ಅಂದರೆ ಮೂಗಿಗೆ ಕೆಲಸ ಕೊಡಿ.

ವೈರ್ ಸುಟ್ಟ, ಪ್ಲಾಸ್ಟಿಕ್ ಕರಗಿದ ವಾಸನೆ: ಎಲ್ಲಕ್ಕಿಂತ ಅಪಾಯದ್ದು ಇದೇ. ಕೂಡಲೇ ಗಾಡಿ ನಿಲ್ಲಿಸಿ. ಹಳ್ಳಿ ಮನೆ ಮುಂದೆ ವಾರಗಟ್ಟಲೆ ನಿಂತ ಕಾರಿನಲ್ಲಿ ಇಲಿ ವೈರ್ ಕಡಿದಿರಬಹುದು, ಎಂಜಿನ್ ಮೇಲೆ ಗೂಡನ್ನೂ ಕಟ್ಟಿರಬಹುದು. ಇನ್ನೊಂದು ಕಾರಣ ಹೆಡ್‌ಲೈಟ್. ಸಾಮಾನ್ಯ ಎಚ್4 ಬಲ್ಬು 60/55 ವ್ಯಾಟ್‌ನದು. ಹೆಚ್ಚು ಬೆಳಕಿನ ಆಸೆಗೆ 100/90 ವ್ಯಾಟ್ ಹಾಕಿಸಿದರೆ ಎರಡು ಬಲ್ಬು ಸೇರಿ ಎಳೆಯುವ ಕರೆಂಟ್ 10 ಆಂಪಿಯರ್‌ನಿಂದ 16ರ ಮೇಲೆ ಹೋಗುತ್ತದೆ. ಹಳೆಯ ವೈರ್ ಅದನ್ನು ತಾಳುವುದಿಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಿಸುವುದು ಪರಿಹಾರವಲ್ಲ. ಫ್ಯೂಸ್ ಬದಲು ವೈರೇ ಸುಡುತ್ತದೆ, ಅಷ್ಟೆ.

ಕಾಗದ ಸುಟ್ಟಂಥ ವಾಸನೆ: ಕ್ಲಚ್. ಏರಿನಲ್ಲಿ ಬ್ರೇಕ್ ಹಿಡಿಯುವ ಬದಲು ಅರ್ಧ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರಿಗೆ ಇದು ಚಿರಪರಿಚಿತ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲೂ ಬಂದರೆ, ಎಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥ.

ಚಕ್ರದ ಹತ್ತಿರ ಖಾರ ವಾಸನೆ: ಬ್ರೇಕ್. ನಂದಿ ಬೆಟ್ಟ ಅಥವಾ ಮದನಪಲ್ಲಿ ಆಚೆಯ ಹಾರ್ಸ್ಲಿ ಹಿಲ್ಸ್ ಇಳಿಯುವಾಗ ಒಂದೇ ಸಮ ಬ್ರೇಕ್ ತುಳಿದರೆ ಹೀಗಾಗುತ್ತದೆ. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಿರಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಒಂದೇ ಚಕ್ರ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿದೆಯೇ ಎಂದೂ ನೋಡಿ.

ಸೀದ ಎಣ್ಣೆ ವಾಸನೆ: ಎಂಜಿನ್ ಆಯಿಲ್ ಬಿಸಿ ಕೊಳವೆಯ ಮೇಲೆ ತೊಟ್ಟಿಕ್ಕುತ್ತಿದೆ. ಬಹಳ ಸಲ ಮೇಲ್ಮುಚ್ಚಳದ ಗ್ಯಾಸ್ಕೆಟ್ ಸವೆದಿರುತ್ತದೆ. ರಿಪೇರಿ ಸಣ್ಣದು, ಬಿಟ್ಟರೆ ಬೆಂಕಿಗೆ ದಾರಿ.

ಸಿಹಿ ವಾಸನೆ: ಕೂಲೆಂಟ್ ಸೋರುತ್ತಿದೆ. ಟೆಂಪರೇಚರ್ ಮುಳ್ಳು ನೋಡಿ. ಎಂಜಿನ್ ಆರುವ ತನಕ ರೇಡಿಯೇಟರ್ ಮುಚ್ಚಳ ತಿರುಗಿಸಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟ್ ವಿಷ. ಸೋರಿದ್ದನ್ನು ಮಕ್ಕಳು, ನಾಯಿ ನೆಕ್ಕದಂತೆ ತೊಳೆದುಬಿಡಿ.

ರಬ್ಬರ್ ಸುಟ್ಟ ವಾಸನೆ: ಫ್ಯಾನ್ ಬೆಲ್ಟ್ ಜಾರುತ್ತಿರಬಹುದು, ಟೈರು ಎಲ್ಲಾದರೂ ಉಜ್ಜುತ್ತಿರಬಹುದು. ಕಿರ್ರ್ ಎಂಬ ಸದ್ದು ಜೊತೆಗಿದ್ದರೆ ಬೆಲ್ಟ್ ಮೇಲೇ ಅನುಮಾನ.

ಕೆಲವು ವಾಸನೆಗೆ ಹೆದರಬೇಕಿಲ್ಲ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಡೀಸೆಲ್ ಕಾರುಗಳು ಸೋಸುಕದಲ್ಲಿ ಸೇರಿದ ಮಸಿಯನ್ನು ಆಗಾಗ ತಾವೇ ಸುಟ್ಟುಕೊಳ್ಳುತ್ತವೆ. ಆಗ ಬಿಸಿ ವಾಸನೆ ಬರಬಹುದು. ಆದರೆ ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ನಿಲ್ಲಿಸುವುದು ಬೇಡವೇ ಬೇಡ.

ಹೊಗೆ ಕಂಡರೆ

ರಸ್ತೆ ಬದಿಗೆ ತಂದು ಎಂಜಿನ್ ಆಫ್ ಮಾಡಿ. ಮಕ್ಕಳು, ವಯಸ್ಸಾದವರು ಮೊದಲು ಇಳಿಯಲಿ. ಬ್ಯಾಗು, ಮೊಬೈಲು ಎಂದು ಒಳಗೆ ಮತ್ತೆ ಕೈ ಹಾಕಬೇಡಿ. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ಸಿಕ್ಕಿ ಬೆಂಕಿ ಭುಗ್ಗೆನ್ನುತ್ತದೆ, ಎತ್ತಬೇಡಿ. ದೂರ ನಿಂತು 112ಕ್ಕೆ ಫೋನ್ ಮಾಡಿ. ಕಾರಿನಲ್ಲಿ ಒಂದು ಕೆಜಿಯ ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಶುರುವಿನ ಸಣ್ಣ ಬೆಂಕಿಗೆ ಸಾಕು. ಉರಿ ದೊಡ್ಡದಾದರೆ ಕಾರಿನ ಆಸೆ ಬಿಟ್ಟುಬಿಡಿ.

ಗ್ಯಾರೇಜಿಗೆ ಹೋದಾಗ ‘ವಾಸ್ನೆ ಬರುತ್ತೆ’ ಅಂತಷ್ಟೇ ಹೇಳಿದರೆ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಎಂಥ ವಾಸನೆ, ಏರಿನಲ್ಲೋ ಇಳಿಜಾರಿನಲ್ಲೋ, ಎಸಿ ಹಾಕಿದಾಗಲೋ, ಗಾಡಿ ನಿಂತ ಮೇಲೋ, ಯಾವ ಚಕ್ರದ ಕಡೆಯಿಂದ ಎಂದು ಗಮನಿಸಿ ಹೇಳಿ. ಅರ್ಧ ರಿಪೇರಿ ಅಲ್ಲಿಗೇ ಮುಗಿದಂತೆ.